ಎಂಜಿನ್ ಕೋಣೆಯ ಕಳ್ಳ ಕೊಳವೆ

ನಮಸ್ಕಾರ. ಇಂದು ಒಂದು ಕೊಳವೆಯ ವಿಚಾರ ಮಾತನಾಡಬೇಕು. ಹಡಗಿನವರು ಅದನ್ನು ‘ಮ್ಯಾಜಿಕ್ ಪೈಪ್’ ಎಂದು ಕರೆಯುತ್ತಾರೆ. ನಾನು ಕಳ್ಳ ಕೊಳವೆ ಎಂದೇ ಕರೆಯುತ್ತೇನೆ.

ಎಂಜಿನ್ ಕೋಣೆಯ ತಳದಲ್ಲಿ ಎಣ್ಣೆ ಬೆರೆತ ಕೊಳಕು ನೀರು ಸದಾ ಸೇರುತ್ತಿರುತ್ತದೆ. ಮಾರ್‌ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಅದನ್ನು ಯಂತ್ರದಲ್ಲಿ ಸೋಸಬೇಕು. ಹತ್ತು ಲಕ್ಷ ಪಾಲು ನೀರಿನಲ್ಲಿ ಎಣ್ಣೆ 15 ಪಾಲು ಮೀರಿದರೆ ಸಮುದ್ರಕ್ಕೆ ಬಿಡುವಂತಿಲ್ಲ. ಉಳಿದ ಜಿಡ್ಡನ್ನು ಬಂದರಿನಲ್ಲಿ ದುಡ್ಡು ಕೊಟ್ಟು ಇಳಿಸಬೇಕು. ಆ ದುಡ್ಡನ್ನು ಉಳಿಸಲಿಕ್ಕೇ ಯಂತ್ರವನ್ನು ತಪ್ಪಿಸಿ ನೇರ ಕಡಲಿಗೆ ಕೊಳವೆ ಹಾಕುತ್ತಾರೆ.

2013ರ ಆಗಸ್ಟ್‌ನಲ್ಲಿ ‘ಕೆರಿಬಿಯನ್ ಪ್ರಿನ್ಸೆಸ್’ ಎಂಬ ಐಷಾರಾಮಿ ಪ್ರವಾಸಿ ಹಡಗು ಇಂಗ್ಲೆಂಡ್ ಕರಾವಳಿಯಾಚೆ ಮಾಡಿದ್ದು ಇದನ್ನೇ. ಕೊಳಕು ನೀರು ಹೊರಗೆ ಹೋಗುತ್ತಿರುವಾಗ ಅಳತೆಯ ಯಂತ್ರದೊಳಗೆ ಶುದ್ಧ ಸಮುದ್ರದ ನೀರನ್ನು ಹರಿಸಿ, ದಾಖಲೆಯಲ್ಲಿ ಎಲ್ಲವೂ ಸರಿಯಿರುವಂತೆ ತೋರಿಸಿದರು. ಹೊಸದಾಗಿ ಸೇರಿದ್ದ ಒಬ್ಬ ಎಂಜಿನಿಯರ್ ಇದನ್ನು ಕಂಡು, ಸೌತಾಂಪ್ಟನ್‌ನಲ್ಲಿ ಕೆಲಸ ಬಿಟ್ಟು ಇಳಿದು ಬ್ರಿಟಿಷ್ ಅಧಿಕಾರಿಗಳಿಗೆ ದೂರು ಕೊಟ್ಟರು. ಹಡಗಿನವರು ಕೊಳವೆಯನ್ನು ಬಿಚ್ಚಿಸಿದರು, ಸಿಬ್ಬಂದಿಗೆ ಸುಳ್ಳು ಹೇಳಲು ತಾಕೀತು ಮಾಡಿದರು. ಈ ಚಾಳಿ 2005ರಿಂದಲೂ ನಡೆದಿತ್ತು ಎಂದು ತನಿಖೆಯಿಂದ ಬಯಲಾಯಿತು. 2016ರಲ್ಲಿ ಹಡಗಿನ ಪ್ರಿನ್ಸೆಸ್ ಕಂಪನಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಅಷ್ಟಾದರೂ ಬುದ್ಧಿ ಬರಲಿಲ್ಲ. ಪ್ರೊಬೇಷನ್, ಅಂದರೆ ಶಿಕ್ಷೆಯ ಭಾಗವಾಗಿ ನ್ಯಾಯಾಲಯ ಇಟ್ಟಿದ್ದ ನಿಗಾ, ಅದರ ಷರತ್ತುಗಳನ್ನು ಮುರಿದದ್ದಕ್ಕೆ ಮಾತೃಸಂಸ್ಥೆ ಕಾರ್ನಿವಲ್ 2019ರಲ್ಲಿ ಮತ್ತೆ 2 ಕೋಟಿ ಡಾಲರ್ ಕಟ್ಟಬೇಕಾಯಿತು.

ಇಂಗ್ಲೆಂಡ್ ಬಳಿಯ ತಪ್ಪಿಗೆ ಅಮೆರಿಕದಲ್ಲಿ ಶಿಕ್ಷೆಯಾದದ್ದು ಹೇಗೆ? ಸುಳ್ಳು ಎಣ್ಣೆ ದಾಖಲೆ ಪುಸ್ತಕವನ್ನು ಹೊತ್ತು ಅಮೆರಿಕದ ಬಂದರಿಗೆ ಬರುವುದೇ ಅಲ್ಲಿ ಅಪರಾಧ. ಜೊತೆಗೆ, ಸುಳಿವು ಕೊಟ್ಟವರಿಗೆ ದಂಡದ ಅರ್ಧದವರೆಗೆ ಬಹುಮಾನ ಕೊಡಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ಉಳಿದೆಡೆ, ತೀರದಿಂದ ದೂರದ ಕಡಲಿನಲ್ಲಿ ನಡೆದ ತಪ್ಪನ್ನು ವಿಚಾರಿಸುವ ಹೊಣೆ ಮುಖ್ಯವಾಗಿ ಹಡಗು ಹಾರಿಸುವ ಧ್ವಜದ ದೇಶದ್ದು. ಪನಾಮಾ, ಲೈಬೀರಿಯಾ, ಮಾರ್ಷಲ್ ದ್ವೀಪಗಳ ಧ್ವಜಗಳನ್ನು ಮಾಲೀಕರೇ ಆರಿಸಿಕೊಳ್ಳುತ್ತಾರೆ. ಆರೋಪಿಯೇ ನ್ಯಾಯಾಧೀಶನನ್ನು ಆರಿಸಿಕೊಳ್ಳುವ ಈ ಏರ್ಪಾಡನ್ನು ನಾನು ನ್ಯಾಯ ಎಂದು ಒಪ್ಪುವುದಿಲ್ಲ.

ಮಳೆಗಾಲದಲ್ಲಿ ಗೋವಾದಿಂದ ಕಾರವಾರದವರೆಗೆ ತೀರಕ್ಕೆ ಡಾಂಬರಿನ ಉಂಡೆಗಳು, ಅಂದರೆ ಕಡಲಿಗೆ ಸೇರಿದ ಎಣ್ಣೆ ಗಟ್ಟಿಯಾದ ಮುದ್ದೆಗಳು, ಬಂದು ಬೀಳುತ್ತವೆ. ಅಂಗಾಲಿಗೆ ಅಂಟಿದರೆ ಸಾಬೂನಿಗೆ ಜಗ್ಗುವುದಿಲ್ಲ, ಬಲೆಗೆ ಮೆತ್ತಿದರೆ ಮೀನುಗಾರನ ದಿನವೇ ಹಾಳು. ಎಲ್ಲವೂ ಹಡಗುಗಳದ್ದಲ್ಲ, ಎಣ್ಣೆಬಾವಿಗಳ ಪಾಲೂ ಇರಬಹುದು. ಆದರೆ ಎಣ್ಣೆ ಸಾಗಿಸುವ ಟ್ಯಾಂಕರ್ ಹಡಗು ತೊಳೆದು ಕಡಲಿಗೆ ಬಿಟ್ಟ ನೀರಿಗೆ ಯಾವ ಮಾಲೀಕ ತಾನಾಗಿ ಬಂದು ಹೊಣೆ ಹೊರುತ್ತಾನೆ?

ಬಾಲ್ಟಿಕ್ ಸಮುದ್ರದ ಬಂದರುಗಳ ಪದ್ಧತಿಯನ್ನು ನೋಡಿ. ತ್ಯಾಜ್ಯ ಇಳಿಸಲಿ, ಬಿಡಲಿ, ಅದರ ಶುಲ್ಕವನ್ನು ಬಂದರು ಶುಲ್ಕದಲ್ಲೇ ಸೇರಿಸಿರುತ್ತಾರೆ. ಆಗ ಕಡಲಿಗೆ ಸುರಿದು ಉಳಿಸುವ ಕಾಸೇ ಇರುವುದಿಲ್ಲ. ನವಮಂಗಳೂರಿನಿಂದ ಹಿಡಿದು ನಮ್ಮ ಎಲ್ಲ ಬಂದರುಗಳಲ್ಲೂ ಇದೇ ಪದ್ಧತಿ ಬರಬೇಕು. ಅದರ ಜೊತೆಗೆ, ದೂರು ಕೊಡುವ ನಾವಿಕನಿಗೆ ಅಮೆರಿಕದಂತೆ ದಂಡದಲ್ಲಿ ಪಾಲು ಸಿಗಬೇಕು, ಮುಂದಿನ ಹಡಗಿನಲ್ಲಿ ಕೆಲಸ ತಪ್ಪದಂತೆ ರಕ್ಷಣೆಯೂ ಇರಬೇಕು.