ಆರತಿ ಎಲ್ಲಿದ್ದಾರೆ ಅಂತ ಕೇಳುವವರಿಗೆ

ಕೇಳುಗರಿಗೆ ನಮಸ್ಕಾರ. ನಮ್ಮ ಹಾಸನದಲ್ಲಿ ಐವತ್ತು ದಾಟಿದ ನಾಲ್ಕು ಜನ ಸೇರಿ ಹಳೇ ಸಿನಿಮಾದ ಮಾತು ತೆಗೆದರೆ ಸಾಕು, ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ನಟಿ ಆರತಿ ಈಗ ಎಲ್ಲಿದ್ದಾರೆ, ಏನು ಮಾಡ್ತಿದ್ದಾರೆ ಅಂತ. ನನಗೆ ಈ ಪ್ರಶ್ನೆ ಅಷ್ಟು ಹಿಡಿಸುವುದಿಲ್ಲ. ಅವರು ನಟನೆ ಬಿಟ್ಟರು, ಕ್ಯಾಮೆರಾದಿಂದ ದೂರ ಉಳಿದರು. ಅದು ಅವರ ಇಷ್ಟ, ಅಲ್ವಾ? ಕೇಳಬೇಕಾದ್ದು ಬೇರೆ ಇದೆ. ತೆರೆಯ ಮೇಲೆ ಇದ್ದಷ್ಟು ದಿನ ಅವರು ಏನು ಮಾಡಿದರು? ಇವತ್ತು ಅದನ್ನು ಮಾತಾಡೋಣ.

ಶುರುವಾದದ್ದು 1969ರಲ್ಲಿ, ಗೆಜ್ಜೆಪೂಜೆಯಿಂದ. ಪುಟ್ಟಣ್ಣ ಕಣಗಾಲ್ ನಿರ್ದೇಶನ. ಕಾದಂಬರಿ ನಮ್ಮ ಮಲೆನಾಡಿನ ಎಂ.ಕೆ. ಇಂದಿರಾ ಅವರದು. ನಾಯಕಿ ಕಲ್ಪನಾ. ಆರತಿಗೆ ಸಣ್ಣ ಪಾತ್ರ ಅಷ್ಟೇ. ಆಗ ಕಲ್ಪನಾ ಅವರ ಕಾಲ. ಅಂಥ ಹೊತ್ತಿನಲ್ಲಿ ಹೊಸ ಹುಡುಗಿ ಒಬ್ಬಳು ಕಣ್ಣಿಗೆ ಬೀಳುವುದೇ ಕಷ್ಟವಿತ್ತು.

ಮೂರು ವರ್ಷಕ್ಕೆ ಪುಟ್ಟಣ್ಣನವರದೇ ನಾಗರಹಾವು ಬಂತು. ತ.ರಾ.ಸು. ಕಥೆ, ಚಿತ್ರದುರ್ಗದ ಕಲ್ಲು ಬಂಡೆ, ವಿಷ್ಣುವರ್ಧನ್ ರಾಮಾಚಾರಿ. ಆ ಚಿತ್ರ ಅಂದರೆ ಎಲ್ಲರೂ ರಾಮಾಚಾರಿ, ಚಾಮಯ್ಯ ಮೇಷ್ಟ್ರು ಅಂತಲೇ ಮಾತಾಡುತ್ತಾರೆ. ನಾನು ಮಾತ್ರ ಆರತಿ ಮಾಡಿದ ಅಲಮೇಲು ಬಗ್ಗೆ ಹೇಳುತ್ತೇನೆ. ‘ಬಾರೆ ಬಾರೆ’ ಹಾಡು ನೆನಪು ಮಾಡಿಕೊಳ್ಳಿ. ಪಿ.ಬಿ. ಶ್ರೀನಿವಾಸ್ ಹಾಡಿದ್ದು, ನಿಧಾನ ಗತಿಯಲ್ಲಿ, ಅಂದರೆ ಸ್ಲೋ ಮೋಷನ್‌ನಲ್ಲಿ ತೆಗೆದದ್ದು. ಸ್ಲೋ ಮೋಷನ್ ಅಂದರೆ ನಟಿಗೆ ಸುಲಭ ಅಂದುಕೊಳ್ಳಬೇಡಿ. ಮುಖದಲ್ಲಿ ಒಂದು ಚೂರು ಸುಳ್ಳಿದ್ದರೂ ಅದು ಅಷ್ಟೇ ನಿಧಾನವಾಗಿ, ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಅಲ್ಲಿ ಆರತಿಯ ಮುಖದಲ್ಲಿ ಇರುವುದು ಬರೀ ಖುಷಿ, ಊರಿನವರ ಕಣ್ಣು ತಪ್ಪಿಸಿ ಬಂದ ಹುಡುಗಿಯ ಖುಷಿ. ಆಮೇಲೆ ಮೇಷ್ಟ್ರ ಮಾತಿಗೆ ರಾಮಾಚಾರಿ ಅವಳನ್ನು ಬಿಟ್ಟುಕೊಡುತ್ತಾನೆ, ಅವಳ ಮದುವೆಯಾಗುತ್ತದೆ, ಕಟ್ಟಿಕೊಂಡ ಗಂಡನೇ ಅವಳನ್ನು ಮಾರಾಟದ ವಸ್ತು ಮಾಡುತ್ತಾನೆ, ಎಷ್ಟೋ ದಿನದ ಮೇಲೆ ಹೋಟೆಲಿನಲ್ಲಿ ರಾಮಾಚಾರಿಗೆ ಎದುರಾಗುವುದು ಆ ಅಲಮೇಲು. ಅದೇ ಮುಖ, ಆದರೆ ಹುಡುಕಿದರೂ ಆ ಖುಷಿ ಸಿಗುವುದಿಲ್ಲ. ಎರಡನ್ನೂ ಒಂದೇ ಚಿತ್ರದೊಳಗೆ ಮಾಡಿ ತೋರಿಸಿದಾಗ ಅವರಿನ್ನೂ ಚಿತ್ರರಂಗಕ್ಕೆ ಹೊಸಬರೇ.

ಪುಟ್ಟಣ್ಣನವರ ಚಿತ್ರಗಳಲ್ಲಿ ಎಲ್ಲವೂ ಸ್ವಲ್ಪ ಜಾಸ್ತಿಯೇ ಇರುತ್ತದೆ. ಅಳು ಜಾಸ್ತಿ, ಸಿಟ್ಟು ಜಾಸ್ತಿ, ಕ್ಯಾಮೆರಾ ಕೂಡ ಸುಮ್ನೆ ನಿಲ್ಲುವುದಿಲ್ಲ. ಅದರ ನಡುವೆ ಆರತಿ ತಡೆದು ಅಭಿನಯಿಸುತ್ತಿದ್ದರು. ಆ ಚಿತ್ರಗಳು ಇವತ್ತಿಗೂ ನೋಡಿಸಿಕೊಳ್ಳುವುದಕ್ಕೆ ಅದೂ ಒಂದು ಕಾರಣ ಅಂತ ನನ್ನ ನಂಬಿಕೆ. ಎಡಕಲ್ಲು ಗುಡ್ಡದ ಮೇಲೆಯಲ್ಲಿ ಜಯಂತಿ ಎದುರು ನಿಂತರು. ಉಪಾಸನೆಯಲ್ಲಿ ಸಂಗೀತವೇ ಉಸಿರು ಅನ್ನುವ ಹುಡುಗಿಯಾದರು. 1975ರ ಶುಭಮಂಗಳದಲ್ಲಿ ಶ್ರೀನಾಥ್ ಜೊತೆ. ಈ ಚಿತ್ರಗಳ ಹಾಡು ರೇಡಿಯೋದಲ್ಲಿ ಬಂದರೆ ಈಗಲೂ ಅಡುಗೆ ಮನೆಯಿಂದ ಒಬ್ಬರು ಬಂದು ವಾಲ್ಯೂಮ್ ಜಾಸ್ತಿ ಮಾಡುತ್ತಾರೆ.

ರಾಜ್‌ಕುಮಾರ್ ಜೊತೆಯ ಪ್ರೇಮದ ಕಾಣಿಕೆಯನ್ನು ನಮ್ಮ ಸಕಲೇಶಪುರ, ಮೂಡಿಗೆರೆ ಕಡೆಯವರು ಮರೆಯುವ ಹಾಗಿಲ್ಲ. 1976ರ ಚಿತ್ರ, ಕಥೆ ಸಲೀಂ-ಜಾವೇದ್ ಅವರದು. ಕೊಲೆಯೊಂದನ್ನು ಕಣ್ಣಾರೆ ಕಂಡ ಹೆಣ್ಣು ಕೆಲಸ ಹುಡುಕಿಕೊಂಡು ಎಸ್ಟೇಟ್ ಬಂಗಲೆಗೆ ಬರುತ್ತಾಳೆ, ನೋಡಿದರೆ ಮನೆಯ ಯಜಮಾನನೇ ಆ ಕೊಲೆ ಮಾಡಿದವನು. ಭಯವನ್ನು ಬಾಯಲ್ಲಿ ಹೇಳದೆ ಆ ಮನೆಯೊಳಗೆ ಓಡಾಡಬೇಕು. ಮಳೆಗಾಲದಲ್ಲಿ ಒಂಟಿ ಬಂಗಲೆಯಲ್ಲಿ ಇದ್ದವರಿಗೆ ಆ ಭಯ ಬೇಗ ಅರ್ಥವಾಗುತ್ತದೆ.

ಅದೇ ವರ್ಷದ ಕಥಾಸಂಗಮವನ್ನು ಮಾತ್ರ ಜನ ಕಡಿಮೆ ನೆನೆಯುತ್ತಾರೆ, ನನಗೆ ಅದೇ ಬೇಜಾರು. ಮೂರು ಕಥೆಗಳ ಚಿತ್ರ ಅದು. ಕೊನೆಯ ಕಥೆ ಮುನಿತಾಯಿ. ಆರತಿ ಕಣ್ಣು ಕಾಣದ ಹೆಣ್ಣು. ರಜನೀಕಾಂತ್ ಕನ್ನಡದಲ್ಲಿ ಮೊದಲು ಕಾಣಿಸಿಕೊಂಡದ್ದು ಇಲ್ಲೇ, ಅವಳ ಕುರುಡುತನವನ್ನೇ ಬಳಸಿಕೊಳ್ಳುವ ದುಷ್ಟನಾಗಿ. ಯೋಚನೆ ಮಾಡಿ. ಕಣ್ಣಿನ ಅಭಿನಯಕ್ಕೆ ಹೆಸರಾದ ನಟಿ. ಅವರ ಕೈಯಿಂದ ಕಣ್ಣನ್ನೇ ಕಿತ್ತುಕೊಂಡು, ಈಗ ಮಾಡು ನೋಡೋಣ ಅಂದ ಹಾಗೆ. ಮಾಡಿದರು. ಎದುರಿಗಿರುವವನು ತನ್ನವನಲ್ಲ ಅಂತ ಅವಳಿಗೆ ಗೊತ್ತಾಗುವ ಹೊತ್ತು ಇದೆಯಲ್ಲ, ಅದನ್ನು ನೋಡಿ ಮಾತಾಡದೆ ಎದ್ದವರಿದ್ದಾರೆ.

1981ರ ರಂಗನಾಯಕಿ ಬಗ್ಗೆ ಎಲ್ಲರಿಗೂ ಗೊತ್ತು, ಹೆಚ್ಚು ಹೇಳುವುದಿಲ್ಲ. ಅಶ್ವತ್ಥ ಅವರ ಕಾದಂಬರಿ. ನಾಟಕ ಕಂಪನಿಯ ನಟಿ, ಮದುವೆಯಾದ ಮೇಲೆ ಬಣ್ಣ ಬಿಡಬೇಕಾಗುತ್ತದೆ, ಮತ್ತೆ ಬಣ್ಣ ಹಚ್ಚಿದ್ದಕ್ಕೆ ಸಂಸಾರವೇ ಒಡೆಯುತ್ತದೆ. ನಮ್ಮ ಕಡೆಯ ಜಾತ್ರೆಗಳಲ್ಲಿ ಕಂಪನಿ ನಾಟಕ ನೋಡಿ ಬೆಳೆದವರಿಗೆ ಇದು ಬರೀ ಸಿನಿಮಾ ಆಗಿರಲಿಲ್ಲ. ಟೆಂಟಿನ ಹಿಂದೆ ಮಗುವಿಗೆ ಹಾಲು ಕುಡಿಸಿ, ಮುಖ ಒರೆಸಿಕೊಂಡು ರಾಣಿಯಾಗಿ ಒಳಗೆ ಬರುತ್ತಿದ್ದ ಹೆಂಗಸರು ನಿಜವಾಗಿ ಇದ್ದರು.

ಆಮೇಲೆ ಟಿ.ವಿ. ಬಂತು. ಬೀದಿಗೊಂದು ಟಿ.ವಿ. ಇದ್ದ ಕಾಲ, ಆಂಟೆನಾ ತಿರುಗಿಸಲು ಒಬ್ಬ ಹೆಂಚಿನ ಮೇಲೆ, ಬಂತಾ ಅಂತ ಕೂಗಲು ಇನ್ನೊಬ್ಬ ಕೆಳಗೆ. ಬೆಂಗಳೂರು ದೂರದರ್ಶನಕ್ಕೆ ಆರತಿ ‘ನಮ್ಮ ನಮ್ಮಲ್ಲಿ’ ಧಾರಾವಾಹಿ ನಿರ್ದೇಶಿಸಿದರು. ಇದನ್ನು ನಾವು ಹಗುರವಾಗಿ ದಾಟಿ ಹೋಗುತ್ತೇವೆ. ಕನ್ನಡದಲ್ಲಿ ಹೆಣ್ಣುಮಗಳು ನಿರ್ದೇಶನ ಮಾಡುವುದು ಆಗ ಬೆರಳೆಣಿಕೆಯ ವಿಷಯ. ಪ್ರೇಮಾ ಕಾರಂತರು 1983ರಲ್ಲಿ ಫಣಿಯಮ್ಮ ಮಾಡಿದ್ದರು, ಅದೂ ಎಂ.ಕೆ. ಇಂದಿರಾ ಅವರ ಕಾದಂಬರಿಯೇ. ಜನ ಮುಖ ನೋಡಲು ಕಾಯುತ್ತಿದ್ದ ನಟಿ, ತಾನೇ ಆ ಮುಖವನ್ನು ಕ್ಯಾಮೆರಾ ಹಿಂದಕ್ಕೆ ತೆಗೆದುಕೊಂಡು ಹೋದರು. ಬಹಳ ವರ್ಷದ ಮೇಲೆ, 2005ರಲ್ಲಿ ಮಿಠಾಯಿ ಮನೆ ಅಂತ ಮಕ್ಕಳ ಚಿತ್ರ ನಿರ್ದೇಶಿಸಿದರು. ಅಮ್ಮನ ಪಾತ್ರ, ಅತ್ತೆಯ ಪಾತ್ರ ಅಂತ ವರ್ಷಕ್ಕೊಂದು ಮಾಡಿಕೊಂಡು ಇರಬಹುದಿತ್ತು. ಇರಲಿಲ್ಲ.

ನಿಮ್ಮ ಮನೆಯ ಮಕ್ಕಳಿಗೆ ಆರತಿ ಯಾರು ಅಂತ ತೋರಿಸಬೇಕಾದರೆ ನಾಗರಹಾವಿನಿಂದ ಶುರು ಮಾಡಬೇಡಿ, ಅವರು ವಿಷ್ಣುವರ್ಧನ್ ಅವರನ್ನೇ ನೋಡುತ್ತಾ ಕೂರುತ್ತಾರೆ. ಮುನಿತಾಯಿ ಹಾಕಿ, ಅದರ ಬೆನ್ನಿಗೆ ರಂಗನಾಯಕಿ. ನಮಸ್ಕಾರ.