ದೋಣಿಯ ಹಿಂಬದಿಗೊಂದು ಮಡಚುವ ಸೂರು

ನೀವು ಈಗ ನೋಡುತ್ತಿರುವುದು ಇಂಗ್ಲೆಂಡಿನ ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ, ಬ್ರಾನ್‌ಸ್ಟನ್ ಎಂಬ ಊರಿನ ಹತ್ತಿರ ದಡಕ್ಕೆ ಕಟ್ಟಿರುವ ನಮ್ಮ ನ್ಯಾರೋಬೋಟ್, ಅಂದರೆ ಕಿರಿದಾದ ಉದ್ದನೆಯ ಕಾಲುವೆ ದೋಣಿ. ಅಗಲ 6 ಅಡಿ 10 ಇಂಚು ಮಾತ್ರವಾದ್ದರಿಂದ ಒಳಗೆ ಜಾಗ ಕಡಿಮೆ; ಹಿಂಬದಿಯ ತೆರೆದ ಕಟ್ಟೆಯೇ ನಮ್ಮ ಜಗಲಿ, ಚುಕ್ಕಾಣಿ ಹಿಡಿದು ನಿಲ್ಲುವ ಜಾಗವೂ ಅದೇ.

ಆದರೆ ಈ ಕಟ್ಟೆಯ ಹಲಗೆಗಳ ಕೆಳಗೇ ಎಂಜಿನ್ ಇದೆ. ಹಲಗೆಗಳ ನಡುವಿನ ಸಂದಿಗೆ ಇಳಿದ ಮಳೆನೀರನ್ನು ಕಿರಿದಾದ ಕಬ್ಬಿಣದ ತೋಡೊಂದು ಹೊರಗೆ ಹರಿಸಬೇಕು. ಕಳೆದ ಚಳಿಗಾಲದಲ್ಲಿ ಅದರಲ್ಲಿ ಎಲೆ ಕಟ್ಟಿಕೊಂಡಿತ್ತು. ಹಲಗೆ ಎತ್ತಿ ಟಾರ್ಚ್ ಬಿಟ್ಟಾಗ ಎಂಜಿನ್ನಿನ ಬುಡದಲ್ಲಿ ನಾಲ್ಕು ಬೆರಳು ನೀರು, ಅದರ ಮೇಲೆ ಕಾಮನಬಿಲ್ಲಿನಂತೆ ಹರಡಿದ ಎಣ್ಣೆಯ ಪೊರೆ ಕಂಡಿತು. ಬಾತುಕೋಳಿಗಳು ಈಜುವ ಕಾಲುವೆಗೆ ಆ ನೀರನ್ನು ಪಂಪ್ ಮಾಡುವಂತಿಲ್ಲ. ಒಂದು ಇಡೀ ದಿನ ಕೂತು ಡಬ್ಬಿಗಳಲ್ಲಿ ತುಂಬಿದೆ, ಕೈಗೆ ಹತ್ತಿದ ಡೀಸೆಲ್ ವಾಸನೆ ಮೂರು ದಿನ ಹೋಗಲಿಲ್ಲ.

ಮೊದಲು ಟಾರ್ಪಾಲು ಕಟ್ಟಿ ನೋಡಿದೆವು. ಮೇಲಿನ ನೀರೇನೋ ನಿಂತಿತು, ಎರಚಲು ನಿಲ್ಲಲಿಲ್ಲ. ಮಲೆನಾಡಿನ ಸಾಗರದ ನಮ್ಮ ಮನೆಯಲ್ಲಿ ಮುಂಗಾರಿಗೆ ಮುನ್ನ ಅಪ್ಪ ಜಗಲಿಯ ಸುತ್ತ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಆಗ ನೆನಪಾಯಿತು. ನಮಗೂ ಬೇಕಿದ್ದದ್ದು ಸೂರಿನ ಜೊತೆಗೆ ಕಬ್ಬಿಣದ ಅಂಚಿನವರೆಗೂ ಇಳಿಬಿದ್ದ ಪಕ್ಕಗಳು.

ಇಲ್ಲಿನವರು ಇದನ್ನು ಪ್ರ್ಯಾಮ್ ಹುಡ್ ಎನ್ನುತ್ತಾರೆ, ಮಗುವಿನ ತಳ್ಳುಗಾಡಿಯ ಮುಸುಕಿನಂತೆ ಸ್ಟೀಲ್ ಕಮಾನುಗಳ ಮೇಲೆ ಮಡಚಿಕೊಳ್ಳುತ್ತದೆ. ಬಟ್ಟೆಯಲ್ಲಿ ಎರಡು ದಾರಿಗಳಿದ್ದವು. ಪಿವಿಸಿ ಲೇಪಿಸಿದ ಬಟ್ಟೆ ಹನಿಯನ್ನೂ ಒಳಗೆ ಬಿಡದು, ಆದರೆ ಒಳಗಿನ ಉಸಿರಿನ ತೇವವನ್ನೂ ಹೊರಗೆ ಬಿಡದು. ಅಕ್ರಿಲಿಕ್ ಕ್ಯಾನ್ವಾಸ್‌ನಲ್ಲಿ ಗಾಳಿಯಾಡುತ್ತದೆ, ಎಳೆಗೇ ಬಣ್ಣ ಸೇರಿರುವುದರಿಂದ ಬಿಸಿಲಿಗೆ ಬೇಗ ಮಾಸುವುದಿಲ್ಲ, ಕೆಲವು ವರ್ಷಗಳಿಗೊಮ್ಮೆ ನೀರುನಿರೋಧಕ ದ್ರಾವಣವನ್ನು ಹಚ್ಚಬೇಕಾಗುತ್ತದೆ. ಹಿಂಬದಿಯಲ್ಲಿ ಒದ್ದೆ ಕೋಟು, ಬೂಟು ಒಣಗಿಸುವ ನಾವು ಅಕ್ರಿಲಿಕ್ಕನ್ನೇ ಆರಿಸಿದೆವು. ಕೊಳ್ಳುವವರು ಹೊಲಿಗೆಯ ದಾರವನ್ನೂ ವಿಚಾರಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಬಟ್ಟೆ ಗಟ್ಟಿಯಾಗಿರುವಾಗಲೇ ಸಾಮಾನ್ಯ ಪಾಲಿಯೆಸ್ಟರ್ ದಾರ ಬಿಸಿಲಿಗೆ ಜೀರ್ಣವಾಗಿ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಪಿಟಿಎಫ್‌ಇ (ಟೆಫ್ಲಾನ್) ದಾರದ ಬೆಲೆ ಹೆಚ್ಚು, ಆದರೆ ಬಿಸಿಲು ಅದನ್ನು ಹಾಗೆ ತಿನ್ನುವುದಿಲ್ಲ.

ಹೊಲಿಯುವವರು ಎರಡು ಸಲ ಬಂದರು. ಮೊದಲ ದಿನ ಕಮಾನುಗಳನ್ನು ನಿಲ್ಲಿಸಿ, ಅವುಗಳ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದು ಬಿಗಿದು, ಪ್ರತಿ ತಿರುವನ್ನೂ ಪೆನ್ನಿನಿಂದ ಗುರುತಿಸಿಕೊಂಡು ಹೋದರು. ಎರಡನೆಯ ದಿನ ಹೊಲಿದು ತಂದದ್ದನ್ನು ತೊಡಿಸಿ, ಅಲ್ಲಿಯೇ ಟಿಚ್ ಗುಂಡಿಗಳನ್ನು ಕೂರಿಸಿದರು. ಒಟ್ಟು ಖರ್ಚು 2,500 ಪೌಂಡುಗಳ ಸಮೀಪಕ್ಕೆ ಬಂದಿತು.

ದೋಣಿ ಚಲಿಸುವಾಗ ಇದನ್ನು ಮಡಚಲೇಬೇಕು. ತಗ್ಗಾದ ಇಟ್ಟಿಗೆ ಸೇತುವೆಗಳಿವೆ, 1796ರಲ್ಲಿ ತೆರೆದ, ಸುಮಾರು 1.9 ಕಿಲೋಮೀಟರ್ ಉದ್ದದ ಬ್ರಾನ್‌ಸ್ಟನ್ ಸುರಂಗ ನಮ್ಮ ಮುಂದೆಯೇ ಇದೆ. ಆದ್ದರಿಂದ ಹಣ ಕೊಡುವ ಮೊದಲು ನಾನೇ ಒಬ್ಬಳೇ ಬಿಚ್ಚಿ, ಮಡಚಿ ನೋಡಿದೆ. ಹುಡ್‌ನ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿಗಳು ಹಿಮ ಬೀಳುವ ಚಳಿಗೆ ಸೆಟೆದುಕೊಳ್ಳುತ್ತವೆ. ಆಗ ಮಡಚಿದರೆ ಸೀಳುತ್ತವೆ. ಬಿಚ್ಚಿ, ನಡುವೆ ಹಳೆಯ ಪಂಚೆ ಇಟ್ಟು ಸುರುಳಿ ಸುತ್ತುವುದು ಕ್ಷೇಮ.

ಇನ್ನೊಂದು ಮಾತು. ಎಲ್ಲ ಜಿಪ್ ಎಳೆದು ಮುಚ್ಚಿ ಎಂಜಿನ್ ಓಡಿಸಬೇಡಿ. ಹೊಗೆ ಒಳಗೆ ನುಗ್ಗಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಸೇರಿಕೊಳ್ಳುತ್ತದೆ, ಅದಕ್ಕೆ ವಾಸನೆಯಿಲ್ಲ. ವಾಸದ ಕೋಣೆಯಿರುವ ದೋಣಿಗಳಿಗೆ 2019ರ ಏಪ್ರಿಲ್‌ನಿಂದ ಇಲ್ಲಿ ಇದರ ಅಲಾರಂ ಕಡ್ಡಾಯವಾಗಿದೆ. ನಾವು ಅಲಾರಂ ಇದ್ದರೂ ಎರಡು ಪಕ್ಕಗಳನ್ನು ತೆರೆದೇ ಎಂಜಿನ್ ಶುರು ಮಾಡುತ್ತೇವೆ.

ನಿನ್ನೆ ರಾತ್ರಿಯೆಲ್ಲ ಮಳೆ ಹೊಡೆಯಿತು. ಈಗ ಹಲಗೆ ಎತ್ತುತ್ತಿದ್ದೇನೆ, ನೋಡಿ: ಎಂಜಿನ್ನಿನ ಬುಡ ಒಣಗಿದೆ. ಎಡಮೂಲೆಯ ಗುಂಡಿಯೊಂದರ ಬಳಿ ಮಾತ್ರ ಹನಿ ಇಳಿದಿದೆ. ಅದನ್ನು ಸರಿಪಡಿಸಲು ಹೊಲಿದವರು ಗುರುವಾರ ಬರುತ್ತಾರೆ.