ಕಿಂಗ್‌ಡಾ ಕಾ: ಗೋಪುರ ಏನ್ರೀ ತಪ್ಪು ಮಾಡಿತ್ತು?

ನಮಸ್ಕಾರ. ಕಿಂಗ್‌ಡಾ ಕಾ ಅನ್ನೋ ರೋಲರ್ ಕೋಸ್ಟರ್ ಬಗ್ಗೆ ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಅರ್ಧಕ್ಕೆ ಹೋಗಿ ವಾಪಸ್ ಜಾರೋ ರೈಡ್ ಅದು, ಕೆಡವಿದ್ದೇ ಒಳ್ಳೇದಾಯ್ತು." ಸ್ವಾಮಿ, ವಾಪಸ್ ಜಾರುತ್ತೆ ಅಂತ ಲೆಕ್ಕ ಹಾಕಿಯೇ ಅದನ್ನ ಕಟ್ಟಿದ್ದು!

ಅಮೆರಿಕದ ನ್ಯೂಜೆರ್ಸಿ, ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಪಾರ್ಕು, ಶುರುವಾಗಿದ್ದು 2005ರ ಮೇ. 139 ಮೀಟರ್ ಎತ್ತರ, ಮೂರೂವರೆ ಸೆಕೆಂಡಿಗೆ ಗಂಟೆಗೆ 206 ಕಿ.ಮೀ. ವೇಗದ ದಾಖಲೆ 2010ರಲ್ಲಿ ಅಬುಧಾಬಿಯ ಫಾರ್ಮುಲಾ ರೊಸ್ಸಾ ಕೋಸ್ಟರ್ ಪಾಲಾಯ್ತು. ಎತ್ತರದ್ದು ಕೊನೇ ದಿನದವರೆಗೂ ಇದರದ್ದೇ.

ಲಾಂಚ್, ಅಂದ್ರೆ ರೈಲನ್ನ ಗೋಪುರ ಹತ್ತಿಸೋ ಮೊದಲ ಎಳೆತ, ಹೇಗೆ ಅಂದ್ರೆ, ಪಂಪುಗಳು ಹೈಡ್ರಾಲಿಕ್ ಆಯಿಲ್ ತಳ್ಳಿ ಅಕ್ಯುಮ್ಯುಲೇಟರ್‌ (ಒತ್ತಡ ಕೂಡಿಡೋ ಟ್ಯಾಂಕು) ಒಳಗಿನ ನೈಟ್ರೋಜನ್ ಗ್ಯಾಸನ್ನ ಅದುಮಿಡುತ್ತವೆ. ವಾಲ್ವ್ ತೆರೆದ ಕೂಡಲೇ ಆ ಒತ್ತಡಕ್ಕೆ ಮೋಟರ್‌ಗಳು ತಿರುಗಿ, ದೊಡ್ಡ ಡ್ರಮ್ಮು ಕೇಬಲ್ ಸುತ್ತಿಕೊಳ್ಳುತ್ತೆ, ಕೇಬಲ್ಲಿಗೆ ಕಟ್ಟಿದ ಕ್ಯಾಚ್ ಕಾರು ಅನ್ನೋ ಬಂಡಿ ರೈಲನ್ನ ಎಳೆಯುತ್ತೆ. ಎದುರುಗಾಳಿ ಬೀಸಿತು, ಎಳೆತ ಚೂರು ಕಮ್ಮಿಯಾಯ್ತು ಅಂದ್ರೆ ರೈಲು ತುದಿ ದಾಟಲ್ಲ. ವಾಪಸ್ ಬರೋಷ್ಟರಲ್ಲಿ ಲಾಂಚ್ ಹಳಿಯ ಬ್ರೇಕ್ ಫಿನ್‌ಗಳು, ಅಂದ್ರೆ ಲೋಹದ ತಗಡುಗಳು, ಮೇಲೆದ್ದಿರುತ್ತವೆ, ಆಯಸ್ಕಾಂತದ ಬಲವೇ ರೈಲಿನ ವೇಗ ಇಳಿಸುತ್ತೆ. ಉಜ್ಜೋ ಪ್ಯಾಡ್ ಕೂಡ ಬೇಡ. ಇದನ್ನ ಅಪಘಾತ ಅಂತೀರಾ?

ಕೈಕೊಟ್ಟಿದ್ದು ಲಾಂಚು. 2005ರ ಜೂನ್‌ನಲ್ಲೇ, ಕೇಬಲ್ ಓಡೋ ಕಾಲುವೆಯಲ್ಲಿ ಒಂದು ಬೋಲ್ಟ್ ಹೋಗಿ ಲೈನರ್ (ಒಳಪದರ) ಸಡಿಲವಾಯ್ತು, ಕೇಬಲ್ ಹಾಳಾಯ್ತು, ಆಗಸ್ಟ್‌ವರೆಗೂ ಬಂದ್. ಗೋಪುರ ಏನು ಮಾಡಿತ್ತು?

ಓಹಾಯೋದ ಸೀಡರ್ ಪಾಯಿಂಟ್ ಪಾರ್ಕ್ ನೋಡಿ. ಅಲ್ಲಿನ 2003ರ ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್ ಕೋಸ್ಟರ್‌ಗೂ ಇದೇ ಹೈಡ್ರಾಲಿಕ್ ಲಾಂಚ್. ಅವರು ಆ ಲಾಂಚನ್ನ ಕಿತ್ತು, ಹಳಿಯುದ್ದಕ್ಕೂ ವಿದ್ಯುತ್ಕಾಂತದಿಂದ ತಳ್ಳೋ ಲೀನಿಯರ್ ಮೋಟರ್ ಹಾಕಿದರು. ಒಂದೇ ಓಟಕ್ಕೆ ಅಷ್ಟು ವೇಗ ಸಿಗಲ್ಲ ಅಂತ ಹಿಂಬದಿಗೊಂದು ಗೋಪುರ ಸೇರಿಸಿ, ಮುಂದೆ, ಹಿಂದೆ, ಮತ್ತೆ ಮುಂದೆ ಅಂತ ಮೂರು ಸಲ ತಳ್ಳಿಸಿದರು. 420 ಅಡಿಯ ಹಳೇ ಗೋಪುರ ನಿಂತೇ ಇದೆ!

"ಅದೂ 2024ರಲ್ಲಿ ಮತ್ತೆ ತೆರೆದು ಒಂದೇ ವಾರಕ್ಕೆ ನಿಂತಿತಲ್ಲ" ಅಂತೀರಿ. ನಿಲ್ಲಿಸಿದ್ದು ಹೊಸ ಬಂಡಿಗಳನ್ನ ಸರಿಮಾಡೋಕೆ. 2025ಕ್ಕೆ ಮತ್ತೆ ಓಡಿತು. ಗೋಪುರದ ಮಾತೆಲ್ಲಿ ಬಂತು ಅದರಲ್ಲಿ?

"ಖರ್ಚು ಜಾಸ್ತಿ" ಅಂತೀರಾ? ಅದರ ಜಾಗದಲ್ಲಿ ಹೊಸದೊಂದನ್ನ ಕಟ್ಟೋದು ಪುಕ್ಕಟೆಯೇ? 2025ರ ಫೆಬ್ರವರಿ 28ರಂದು ಕಿಂಗ್‌ಡಾ ಕಾ ಗೋಪುರವನ್ನ ಸಿಡಿಮದ್ದಿಟ್ಟು ಉರುಳಿಸಿದರು. ಅದಕ್ಕೇ ಅಂಟಿಕೊಂಡಿದ್ದ ಝುಮಾಂಜಾರೋ ಡ್ರಾಪ್ ರೈಡೂ ಜೊತೆಗೇ ಹೋಯ್ತು. ಲಾಂಚ್ ಬದಲಿಸಬೇಕಿತ್ತು ರೀ, ಲಾಂಚು! ಗೋಪುರ ಅಲ್ಲ! ಒಪ್ಪದವರು ಕಾಮೆಂಟ್ ಹಾಕಿ, ಒಪ್ಪೋರು ಸಬ್‌ಸ್ಕ್ರೈಬ್ ಮಾಡಿ. ಮುಂದಿನ ವಿಡಿಯೋ ಲೀನಿಯರ್ ಮೋಟರ್ ಬಗ್ಗೆ.